ಕಿಡಿಯ ಕ್ಷಣ: ಅಂಬಾಸಿಡರ್ ಎಂಜಿನ್ನಿನ ಟೈಮಿಂಗ್

ಕೋಲ್ಕತ್ತದ ಹಳದಿ ಟ್ಯಾಕ್ಸಿಯೆಂದು ನಾಡಿಗೆಲ್ಲ ಪರಿಚಿತವಾದ ಅಂಬಾಸಿಡರ್, ನಗರದ ಉತ್ತರಕ್ಕೆ ಹೂಗ್ಲಿ ದಡದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಟ್ಟಿದ ಕಾರು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ರೂಪುಗೊಂಡ ಇದರ ತಯಾರಿಕೆ 2014ರಲ್ಲಿ ನಿಂತಿತು.

ಇದರ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿಯ ಹೊತ್ತನ್ನು ನಿರ್ಧರಿಸಲು ಕಂಪ್ಯೂಟರ್ ಇರಲಿಲ್ಲ. ಪೆಟ್ರೋಲ್ ಪೂರ್ತಿ ಉರಿಯಲು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲಾದರೂ ಬೇಕು. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ, ಅಂಥ ಎರಡು ಪಾಲಿನಷ್ಟು ಹೊತ್ತಿಗೆ ಕ್ರ್ಯಾಂಕ್ 36 ಡಿಗ್ರಿ ತಿರುಗಿಬಿಡುತ್ತದೆ. ಹಾಗಾಗಿ ಪಿಸ್ಟನ್ ಮೇಲ್ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ತೀರಾ ಮುಂಚೆ ಹಾರಿದರೆ, ಮೇಲ್ಸೇತುವೆ ಏರುವಾಗ ಎಂಜಿನ್ ಕಟಕಟ ಎನ್ನುತ್ತದೆ. ತಡವಾದರೆ ಬಿಸಿಯೇರಿ ಸೊರಗುತ್ತದೆ.

ಮೆಕ್ಯಾನಿಕ್ ಮೊದಲು, ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಬಿಡಿಸಿಕೊಂಡಾಗ ಕಿಡಿ ಹಾರಿಸುವ ಪಾಯಿಂಟ್‌ಗಳ ನಡುವಿನ ಅಂತರವನ್ನು ಫೀಲರ್ ಗೇಜ್‌ನಿಂದ ಸುಮಾರು 0.4 ಮಿ.ಮೀ.ಗೆ ತರುತ್ತಾನೆ. ಈ ಕೆಲಸ ಮೊದಲೇ ಆಗಬೇಕು, ಏಕೆಂದರೆ ಅಂತರ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಆಮೇಲೆ ಒಂದನೆಯ ಸಿಲಿಂಡರ್ ಕಂಪ್ರೆಶನ್‌ನಲ್ಲಿರುವಾಗ ಪುಲ್ಲಿಯ ಗುರುತನ್ನು ನಿಗದಿತ ಡಿಗ್ರಿಗೆ ಹೊಂದಿಸಿ, ಡಿಸ್ಟ್ರಿಬ್ಯೂಟರಿನ ಸಣ್ಣ ತಂತಿಗೂ ಎಂಜಿನ್ನಿನ ಮೈಗೂ ನಡುವೆ 12 ವೋಲ್ಟಿನ ಬಲ್ಬ್ ಸಿಕ್ಕಿಸುತ್ತಾನೆ. ಇಗ್ನಿಷನ್ ಹಾಕಿ, ಪಾಯಿಂಟ್ ಮುಚ್ಚಿರುವ ಸ್ಥಿತಿಯಿಂದ ಡಿಸ್ಟ್ರಿಬ್ಯೂಟರಿನ ಮೈಯನ್ನು ಒಳಗಿನ ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಮೆಲ್ಲಗೆ ತಿರುಗಿಸಬೇಕು. ಬಲ್ಬ್ ಹೊತ್ತಿಕೊಂಡ ಕ್ಷಣವೇ ಪಾಯಿಂಟ್ ಬಿಡಿಸಿಕೊಂಡ ಕ್ಷಣ, ಅದೇ ಕಿಡಿಯ ಕ್ಷಣ. ಅಲ್ಲೇ ಕ್ಲ್ಯಾಂಪ್ ಬಿಗಿ.

ಓಡುವ ಎಂಜಿನ್ನಿಗೆ ಸ್ಟ್ರೋಬ್ ದೀಪ ಹಿಡಿದು ನೋಡುವುದು ಇನ್ನೂ ನಿಖರ. ಆದರೆ ಕಲಿಯುವವರಿಗೆ ಬಲ್ಬಿನ ವಿಧಾನವೇ ಉತ್ತಮ: ಇಲ್ಲಿ ಕಾರಣವೂ ಪರಿಣಾಮವೂ ಕಣ್ಣೆದುರೇ ಇರುತ್ತವೆ.