ಊದಿನಕಡ್ಡಿಯಿಂದ ಲೇಸರ್‌ವರೆಗೆ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಹೋಗಿ ಕೈಮೇಲಿನ ನರಹುಲಿ ತೋರಿಸಿ ನೋಡ್ರಿ. ಔಷಧ ಹೇಳದವರು ಒಬ್ಬರೂ ಸಿಗಲ್ಲ. ಕುದುರೆ ಕೂದಲು ಕಟ್ಟು, ಸುಣ್ಣ ಹಚ್ಚು, ಊದಿನಕಡ್ಡಿಯಿಂದ ಸುಡು, ಅದೂ ಆಗದಿದ್ದರೆ ದೇವರಿಗೆ ಉಪ್ಪಿನ ಹರಕೆ ಹೊರು. ಈಗ ಈ ಪಟ್ಟಿಗೆ ಲೇಸರ್ ಸೇರಿದೆ. ಇದು ಹೊಸದೋ, ಹಳೇ ಬೆಂಕಿಯದೇ ಹೊಸ ರೂಪವೋ?

ಸುಡುವುದಂತೂ ಬಹಳ ಹಳೆಯದು. ಚರ್ಮದ ಮೇಲಿನ ಇಂಥ ಗಂಟನ್ನು ಕತ್ತರಿಸಿ, ಉಳಿದದ್ದನ್ನು ಕ್ಷಾರದಿಂದಲೋ ಬೆಂಕಿಯಿಂದಲೋ ಪೂರ್ತಿ ಸುಡಬೇಕು ಅಂತ ಸುಶ್ರುತ ಸಂಹಿತೆಯಲ್ಲೇ ಇದೆ. ನಮ್ಮ ಸುಣ್ಣ ಮತ್ತು ಊದಿನಕಡ್ಡಿ ಅದೇ ದಾರಿಯವು.

ಆದರೆ ಸುಡುತ್ತಿರುವುದು ಏನನ್ನು ಅನ್ನೋದು ಗೊತ್ತಾಗಿದ್ದು ತಡವಾಗಿ. 1907ರಲ್ಲಿ ಇಟಲಿಯ ಜ್ಯೂಸೆಪ್ಪೆ ಚುಫ್ಫೊ ನರಹುಲಿಯನ್ನು ಅರೆದು, ಬ್ಯಾಕ್ಟೀರಿಯಾ ಸಹ ದಾಟದಷ್ಟು ಸಣ್ಣಗೆ ಸೋಸಿ, ಆ ರಸವನ್ನು ಚರ್ಮಕ್ಕೆ ಸೇರಿಸಿದ. ಅಲ್ಲೂ ನರಹುಲಿ ಎದ್ದಿತು. ಅಂದ್ರ ಇದು ವೈರಸ್ ಕೆಲಸ. ಇವತ್ತು ಅದಕ್ಕೆ ಎಚ್‌ಪಿವಿ ಅಂತಾರೆ. ನಮ್ಮ ದೇಹ ಅದನ್ನು ಗುರುತು ಹಿಡಿದರೆ ಎಷ್ಟೋ ನರಹುಲಿ ಒಂದೆರಡು ವರ್ಷದಲ್ಲಿ ತಾವೇ ಉದುರುತ್ತವೆ. ಹೆಸರು ಮಾತ್ರ ಹರಕೆಗೆ ಹೋಗ್ತದ!

ಇನ್ನು ಲೇಸರ್. ಬೆಳಕನ್ನು ಹೀಗೆ ಹೊಮ್ಮಿಸಬಹುದು ಎಂಬ ಮೂಲ ಲೆಕ್ಕ ಐನ್‌ಸ್ಟೀನರದು, 1917. ಮೊದಲ ಲೇಸರ್ ಮಾಡಿದವರು ಅಮೆರಿಕದ ಥಿಯೋಡರ್ ಮೈಮನ್, 1960ರಲ್ಲಿ. ಆದರೆ ನರಹುಲಿ ಸುಡಲು ಹೆಚ್ಚು ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದವರ ಊರು ನಮಗೆ ದೂರದ್ದಲ್ಲ. ವಾಡಿ ಜಂಕ್ಷನ್ನಿನಲ್ಲಿ ಮುಂಬೈ ರೈಲು ಹತ್ತಿದರೆ ಸೊಲ್ಲಾಪುರ ದಾಟಿ ದೌಂಡ್ ಬರ್ತದ. ಅಲ್ಲಿಂದ ಕವಲು ಹಳಿ ಬಾರಾಮತಿಗೆ. 1938ರಲ್ಲಿ ಅಲ್ಲಿ ಹುಟ್ಟಿದ ಕುಮಾರ್ ಪಟೇಲ್ ಪುಣೆಯಲ್ಲಿ ಬಿಇ ಮುಗಿಸಿ, ಅಮೆರಿಕದ ಬೆಲ್ ಲ್ಯಾಬ್ಸ್‌ ಸೇರಿ, 1964ರಲ್ಲಿ ಇದನ್ನು ಲೋಕಕ್ಕೆ ಕೊಟ್ಟರು. ನಾನೂ ಬಿಇ ಅಂತ ಹೇಳಿಕೊಳ್ಳಲು ಇಂಥ ಕಡೆ ಸ್ವಲ್ಪ ನಾಚಿಕೆ!

ಈ ಲೇಸರಿನ ಬೆಳಕು ಕಣ್ಣಿಗೆ ಕಾಣಲ್ಲ. ನೀರು ಅದನ್ನು ತಕ್ಷಣ ಹೀರುತ್ತದೆ. ಜೀವಕೋಶದ ತುಂಬ ಇರೋದು ನೀರೇ. ಆ ನೀರು ಕುದಿದು ನರಹುಲಿ ಪದರ ಪದರವಾಗಿ ಆವಿಯಾಗುತ್ತದೆ. ಊದಿನಕಡ್ಡಿಗೆ ಇಲ್ಲದ್ದು ಈ ಹಿಡಿತ: ಎಷ್ಟು ಅಗಲ, ಎಷ್ಟು ಆಳ ಅನ್ನೋದು ಡಾಕ್ಟರ ಕೈಯಲ್ಲಿರುತ್ತದೆ.

ಶಹಾಬಾದಿನ ಪರಸಿ ಕಲ್ಲಿನ ಖಣಿಯಲ್ಲಿ ದುಡಿದ ನಮ್ಮ ಕಾಕಾನ ಅಂಗೈ ತುಂಬ ನರಹುಲಿ ಇದ್ದವು. ಕಲ್ಲು ತರಚಿದ ಚರ್ಮದಲ್ಲಿ ವೈರಸ್ಸಿಗೆ ಬಾಗಿಲು ತೆರೆದೇ ಇರ್ತದ. ಮದುವೆ ಮನೆಯಲ್ಲಿ ಬಡಿಸಲು ನಿಂತರೆ ‘ನೀ ಬಿಡಪ, ಬ್ಯಾರೆಯವರು ಬಡಸ್ತಾರ’ ಅನ್ನೋರು. ಉರಿಗಿಂತ ಆ ಮಾತೇ ಅವರಿಗೆ ಹೆಚ್ಚು ಸುಟ್ಟಿತ್ತು. ಲೇಸರ್ ಮಾಡಿಸಿಕೊಂಡರು. ಕೆಲವು ಹೋದವು, ಎರಡು ಮರಳಿ ಬಂದವು. ‘ರೊಕ್ಕಾ ದಂಡಾತೇನು ತಮ್ಮಾ?’ ಅಂತ ಕೇಳಿದರು.

ದಂಡವಲ್ಲ. ಲೇಸರ್ ಸುಡೋದು ಗಂಟನ್ನು. ಸುತ್ತಲಿನ ಚೆನ್ನಾಗಿ ಕಾಣುವ ಚರ್ಮದಲ್ಲೂ ವೈರಸ್ ಅಡಗಿರಬಹುದು. 1988ರಲ್ಲಿ ಅಮೆರಿಕದ ಸಂಶೋಧಕರು ಲೇಸರ್ ಹೊಗೆಯಲ್ಲೂ ಅದರ ಡಿಎನ್ಎ ಕಂಡರು. ಡಾಕ್ಟರು ಮಾಸ್ಕ್ ಹಾಕಿ, ಹೊಗೆ ಎಳೆಯುವ ಯಂತ್ರ ಇಡುವುದು ಅದಕ್ಕೇ.

ಆದ್ದರಿಂದ ಲೇಸರ್ ಮೊದಲ ಮೆಟ್ಟಿಲಲ್ಲ. ಸ್ಯಾಲಿಸಿಲಿಕ್ ಆ್ಯಸಿಡ್ ಹಚ್ಚುವುದು, ದ್ರವ ಸಾರಜನಕದಿಂದ ತಣ್ಣಗೆ ಸುಡುವುದು ಇವೆ. ಅವಕ್ಕೂ ಬಗ್ಗದ ಹಟಮಾರಿಗಳಿಗೆ ಇದು. ಸಕ್ಕರೆ ಕಾಯಿಲೆ ಇದ್ದವರು ಅಂಗಾಲಿನ ನರಹುಲಿಯನ್ನು ಮನೆಯಲ್ಲಿ ಸುಡೋದು, ಕೊಯ್ಯೋದು ಮಾಡಲೇಬಾರದು. ಮಾಯದ ಗಾಯ ಕಾಲನ್ನೇ ಕೇಳ್ತದ. ಬೇರೆಯವರ ಟವೆಲ್, ಬ್ಲೇಡ್ ಬಳಸಬೇಡ್ರಿ. ಆದ್ರ ನರಹುಲಿ ಇರೋ ಕೈಯನ್ನ ಪಂಕ್ತಿಯಿಂದ ಎಬ್ಬಿಸಬೇಡ್ರಿ. ಅದು ಪಾಪದ ಗುರುತಲ್ಲ, ವೈರಸ್ಸಿನ ಗುರುತು ಅಂತ 1907ರಲ್ಲೇ ತೀರ್ಮಾನ ಆಗ್ಯಾದ.