ಕಿಲೋಮೀಟರ್ ಲೆಕ್ಕದಲ್ಲಿ ಗೋಲು ಸಿಗುತ್ತಾ?

ಫುಟ್‌ಬಾಲ್ ಪಂದ್ಯದ ನಡುವೆ ಟಿವಿ ಪರದೆಯ ಮೇಲೆ ಒಂದು ಸಂಖ್ಯೆ ಬರುತ್ತೆ, ಗಮನಿಸಿದ್ದೀರಾ? ಈ ಆಟಗಾರ ಓಡಿದ್ದು 11 ಕಿಲೋಮೀಟರ್, ಆ ಆಟಗಾರ ಬರೀ 8. ತಕ್ಷಣ ನಾವು ತೀರ್ಪು ಕೊಟ್ಟುಬಿಡ್ತೀವಿ. ಮೊದಲನೆಯವನು ದುಡಿದ, ಎರಡನೆಯವನು ಮೈಗಳ್ಳ! ಈ ತೀರ್ಪು ಸರಿನಾ? ಇತಿಹಾಸ ಏನು ಹೇಳುತ್ತೆ ನೋಡೋಣ.

1976. ಥಾಮಸ್ ರೈಲಿ ಮತ್ತು ವಾನ್ ಥಾಮಸ್ ಎಂಬ ಇಬ್ಬರು ಸಂಶೋಧಕರು ಇಂಗ್ಲೆಂಡಿನ ಮೊದಲ ಡಿವಿಷನ್ ಆಟಗಾರರ ಓಟವನ್ನು ಅಳೆದರು. ಆಗ ಜಿಪಿಎಸ್ ಎಲ್ಲಿತ್ತು? ಮೈದಾನದ ಪಕ್ಕ ಕೂತು, ಒಬ್ಬೊಬ್ಬ ಆಟಗಾರನ ಚಲನೆಯನ್ನೂ ಟೇಪ್ ರೆಕಾರ್ಡರ್‌ಗೆ ಹೇಳುತ್ತಾ ಹೋದರು. ಸಿಕ್ಕ ಸರಾಸರಿ ಸುಮಾರು 8.7 ಕಿಲೋಮೀಟರ್. ಬೆಚ್ಚಿಬೀಳಿಸುವ ಅಂಶ ಬೇರೆಯೇ ಇದೆ. ಅಷ್ಟು ದೂರದಲ್ಲಿ ಚೆಂಡಿನ ಜೊತೆ ಸಾಗಿದ್ದು ಶೇಕಡಾ 2ಕ್ಕಿಂತ ಕಡಿಮೆ! ಉಳಿದದ್ದೆಲ್ಲ ಚೆಂಡಿಲ್ಲದ ಓಟ, ನಡಿಗೆ.

ಚೆಂಡಿಲ್ಲದ ಆ ಓಟವನ್ನೇ ವಿಜ್ಞಾನ ಮಾಡಿಕೊಂಡವರು ಸೋವಿಯತ್ ಉಕ್ರೇನಿನ ವಲೇರಿ ಲೊಬನೊವ್ಸ್ಕಿ. ಇಂಜಿನಿಯರಿಂಗ್ ಓದಿದ್ದ ಈ ಕೋಚ್, ಡೈನಮೊ ಕೀವ್ ತಂಡವನ್ನು ಯಂತ್ರದ ಹಾಗೆ ಕಟ್ಟಿದರು. ಜೊತೆಗಿದ್ದ ವಿಜ್ಞಾನಿ ಅನತೋಲಿ ಝೆಲೆಂತ್ಸೊವ್ ಆಟಗಾರರ ದಮ್ಮು, ವೇಗ, ದಣಿವು ಎಲ್ಲವನ್ನೂ ಲೆಕ್ಕ ಹಾಕಿದರು. 1975ರಲ್ಲಿ ಫಲ ಸಿಕ್ಕಿತು. ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಫೆರೆನ್ಸ್‌ವಾರೋಶ್ ವಿರುದ್ಧ 3-0 ಗೆಲುವು. ಆಮೇಲೆ ಸೂಪರ್ ಕಪ್‌ನಲ್ಲಿ ಬಯರ್ನ್ ಮ್ಯೂನಿಕ್ ಎದುರು ಎರಡು ಪಂದ್ಯ, ಮೂರು ಗೋಲು. ಮೂರೂ ಓಲೆಗ್ ಬ್ಲೊಖಿನ್‌ದೇ. ಮ್ಯೂನಿಕ್‌ನಲ್ಲಿ ಆತ ಒಬ್ಬನೇ ಬಯರ್ನ್ ರಕ್ಷಣೆಯ ಮೇಲೆ ನುಗ್ಗಿ ಗೋಲು ಹೊಡೆದ. ಆತನ ತಾಯಿ ಓಟದ ಚಾಂಪಿಯನ್ ಆಗಿದ್ದವರು ಅನ್ನೋದು ಇಲ್ಲಿ ನೆನಪಿರಲಿ.

ಹಾಗಾದ್ರೆ ಇನ್ನೂ ಜಾಸ್ತಿ ಓಡಿಸಿದರೆ ಇನ್ನೂ ಜಾಸ್ತಿ ಗೆಲುವು, ಅಲ್ವಾ? ಅಲ್ಲ ಸ್ವಾಮಿ! 1976ರಲ್ಲಿ ಇದೇ ಆಟಗಾರರು ಕ್ಲಬ್ಬಿಗೂ ಆಡಬೇಕು, ಸೋವಿಯತ್ ರಾಷ್ಟ್ರೀಯ ತಂಡಕ್ಕೂ ಆಡಬೇಕು. ತರಬೇತಿ ಅಂದ್ರೆ ಗಾಣದೆತ್ತಿನ ದುಡಿಮೆ. ಯುರೋಪಿಯನ್ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಸೇಂಟ್ ಎಟಿಯೆನ್ ವಿರುದ್ಧ ಮೊದಲ ಪಂದ್ಯ 2-0ರಿಂದ ಗೆದ್ದು, ಎರಡನೆಯದನ್ನು ಹೆಚ್ಚುವರಿ ಸಮಯದಲ್ಲಿ 0-3ರಿಂದ ಸೋತರು. ಯುರೋ ಕ್ವಾರ್ಟರ್ ಫೈನಲ್‌ನಲ್ಲಿ ಜೆಕೊಸ್ಲೊವಾಕಿಯಾ ಎದುರು ಸೋಲು. ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಬರೀ ಕಂಚು. ಕೊನೆಗೆ ಆಟಗಾರರೇ ಕೋಚ್‌ಗಳ ವಿರುದ್ಧ ದಂಗೆ ಎದ್ದರು! ಲೊಬನೊವ್ಸ್ಕಿ ಉಳಿದರು, ಅವರ ಜೊತೆಗಾರ ಬಜಿಲೆವಿಚ್ ಹೊರಗೆ ಹೋದರು. ಮಾಪಕದಲ್ಲಿ ಸಿಗದ ಒಂದು ವಸ್ತು ಮನುಷ್ಯನೊಳಗೆ ಇರುತ್ತೆ. ಅದು ಬತ್ತಿದ ಮೇಲೆ ಕಾಲು ಓಡಿದರೂ ಗೋಲು ಬರಲ್ಲ.

ಹತ್ತು ವರ್ಷದ ನಂತರ, 1986ರ ಕಪ್ ವಿನ್ನರ್ಸ್ ಕಪ್ ಫೈನಲ್. ಅಟ್ಲೆಟಿಕೊ ಮ್ಯಾಡ್ರಿಡ್ ವಿರುದ್ಧ ಮತ್ತೆ 3-0. ಎರಡನೇ ಗೋಲು ನೋಡಿ. ರಾಟ್ಸ್‌ನಿಂದ ಬೆಲನೊವ್‌ಗೆ, ಅಲ್ಲಿಂದ ಯೆವ್ತುಶೆಂಕೊಗೆ, ಕೊನೆಗೆ ಬ್ಲೊಖಿನ್‌ಗೆ. ಬೀಸಣಿಗೆ ಬಿಚ್ಚಿದ ಹಾಗೆ ಚೆಂಡು ಸಾಗಿತು. ಆಗ ನಡೆಯುತ್ತಿದ್ದದ್ದು 85ನೇ ನಿಮಿಷ! ಅಷ್ಟು ಹೊತ್ತು ಉಳಿಸಿಕೊಂಡ ದಮ್ಮು ಬೇಕಾದ ಕ್ಷಣದಲ್ಲಿ ಖರ್ಚಾಯಿತು.

ಇದಕ್ಕೆ ಲೆಕ್ಕದ ಆಧಾರ ಸಿಕ್ಕಿದ್ದು 2012ರಲ್ಲಿ. ಜರ್ಮನಿಯ ಸಂಶೋಧಕರು ಬುಂಡೆಸ್‌ಲೀಗಾದ 360 ಗೋಲುಗಳ ದೃಶ್ಯಗಳನ್ನು ನೋಡಿ, ಶೇಕಡಾ 45 ಗೋಲುಗಳಿಗೆ ಮೊದಲು ಗೋಲು ಹೊಡೆದವನು ನೇರವಾಗಿ ಜೋರಾಗಿ ಓಡಿದ್ದ ಅಂತ ಪ್ರಕಟಿಸಿದರು. ಅದೂ ಬಹುತೇಕ ಚೆಂಡಿಲ್ಲದೆ. ಅಂದ್ರೆ ಓಟ ವ್ಯರ್ಥ ಅಲ್ಲ. ಆದರೆ ಗೋಲು ತರುವುದು ಆ ಕೆಲವೇ ಸೆಕೆಂಡುಗಳ ಓಟ.

ಮೆಸ್ಸಿ ಮೈದಾನದಲ್ಲಿ ನಡೀತಾರೆ ಅಂತ ಎಷ್ಟು ಜನ ಬೈದಿಲ್ಲ? 2022ರ ವಿಶ್ವಕಪ್‌ನಲ್ಲಿ ಅದೇ ಮೆಸ್ಸಿ 7 ಗೋಲು ಹೊಡೆದು ಕಪ್ ಎತ್ತಿದರು. ನಡೆಯುವಾಗ ಅವರ ಕಣ್ಣು ಎದುರಾಳಿ ಬಿಟ್ಟ ಜಾಗವನ್ನು ಹುಡುಕ್ತಾ ಇರುತ್ತೆ. ಅವರ ಪಾಲಿನ ಓಟವನ್ನು ಡಿ ಪಾಲ್‌ನಂಥವರು ಓಡಿದರು ಅನ್ನೋದೂ ಅಷ್ಟೇ ನಿಜ.

ಮುಂದಿನ ಸಲ ಪರದೆ ಮೇಲೆ ಕಿಲೋಮೀಟರ್ ಕಂಡರೆ ಒಂದೇ ಪ್ರಶ್ನೆ ಕೇಳಿ. ಯಾವಾಗ ಓಡಿದ, ಯಾರಿಗೆ ಜಾಗ ಮಾಡಿಕೊಟ್ಟ? ಅದಕ್ಕೆ ಉತ್ತರ ಸಿಗುವ ತನಕ ಯಾರನ್ನೂ ಮೈಗಳ್ಳ ಅನ್ನಬೇಡಿ.