ಹಾಜರಿ ಪುಸ್ತಕ ಹಿಡಿದು ಮನೆಬಾಗಿಲಿಗೆ ಹೋದವರು

ಬಳ್ಳಾರಿ ಸೀಮೆಯ ಶಾಲೆಗಳಿಗೆ ದೊಡ್ಡ ಚರಿತ್ರೆಯಿದೆ. ಲಂಡನ್ ಮಿಷನ್ನಿನವರ ವಾರ್ಡ್ಲಾ ಶಾಲೆ ಹತ್ತೊಂಬತ್ತನೆಯ ಶತಮಾನದ್ದು. ವೀರಶೈವ ವಿದ್ಯಾವರ್ಧಕ ಸಂಘ 1916ರಲ್ಲಿ ಹುಟ್ಟಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಮನೆಯಲ್ಲಿ ತೆಲುಗು ಆಡುವ ಮಕ್ಕಳೂ ಇಲ್ಲಿ ಕನ್ನಡದಲ್ಲಿ ಪರೀಕ್ಷೆ ಬರೆದು ಮುಂದೆ ಬಂದಿದ್ದಾರೆ. ಸ್ಮರಣ ಸಂಚಿಕೆಗಳಲ್ಲಿ ಕಟ್ಟಡ ಕಟ್ಟಿಸಿದವರ, ರ್‍ಯಾಂಕ್ ಪಡೆದವರ ಹೆಸರುಗಳು ತಪ್ಪದೆ ಬರುತ್ತವೆ. ಕಷ್ಟದ ಮನೆಯ ಮಕ್ಕಳನ್ನು ಹತ್ತನೆಯ ತರಗತಿ ದಾಟಿಸಿದ ಹೈಸ್ಕೂಲು ಮೇಷ್ಟ್ರುಗಳ ದುಡಿಮೆಗೆ ಮಾತ್ರ ಪುಟ ಸಿಗುವುದು ಅಪರೂಪ.

ಸಿರುಗುಪ್ಪದ ಕಡೆ ಕಾಲುವೆಗೆ ನೀರು ಬಂದು ಭತ್ತದ ನಾಟಿ ಶುರುವಾದರೆ ಹುಡುಗಿಯರ ಹೆಸರಿನ ಮುಂದೆ ಗೈರು ಬೀಳುತ್ತದೆ. ಕುರುಗೋಡಿನ ಸುತ್ತ ಮೆಣಸಿನಕಾಯಿ ಬಿಡಿಸುವ ಕಾಲಕ್ಕೇ ಎಸ್ಸೆಸ್ಸೆಲ್ಸಿ ತಯಾರಿಯೂ ಬರುತ್ತದೆ. ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಗೆಯ ಕೆಲಸವಿದೆ. ವಾರದ ಬಟವಾಡೆಯ ರುಚಿ ಕಂಡ ಹುಡುಗ ಮತ್ತೆ ಬೆಂಚಿಗೆ ಬರುವುದು ಕಷ್ಟ. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಭಾರ ಹದಿನಾಲ್ಕರ ಮಗುವಿನದು.

ಸರ್ಕಾರದ ನೆರವು ಇಲ್ಲವೆಂದಲ್ಲ. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಬಿಸಿಯೂಟ 2007ರಲ್ಲಿ ಹೈಸ್ಕೂಲಿಗೂ ಬಂತು. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಸಿಕ್ಕಿತು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಆಸರೆ ಹದಿನಾಲ್ಕು ವರ್ಷದವರೆಗೆ ಮಾತ್ರ. ಒಂಬತ್ತು, ಹತ್ತನೆಯ ತರಗತಿಗಳಲ್ಲಿ, ಮಗು ಶಾಲೆ ಬಿಡುವ ಅಪಾಯ ಹೆಚ್ಚಿರುವಾಗಲೇ, ಆ ಆಸರೆ ತಪ್ಪುತ್ತದೆ. ಅಲ್ಲಿಂದ ಮುಂದೆ ಮಗುವಿನ ಕೈ ಹಿಡಿದವರು ಮೇಷ್ಟ್ರು, ಟೀಚರು.

ಕೂಲಿಯಿಂದ ತಾಯಿ ಮರಳುವ ಹೊತ್ತು ನೋಡಿಕೊಂಡು ಅವರು ಮನೆಗೆ ಹೋಗುತ್ತಾರೆ. ಬೈಯುವುದಿಲ್ಲ, ಮನೆಯ ಸಾಲ, ಕಾಯಿಲೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಆದಾಯ ಪ್ರಮಾಣಪತ್ರ ಮಾಡಿಸಿ ಹಾಸ್ಟೆಲ್ ಅರ್ಜಿ ತುಂಬುತ್ತಾರೆ. ಮದುವೆ ಮಾತು ಎದ್ದರೆ ಮೊದಲು ಅಜ್ಜಿಯನ್ನು ಒಪ್ಪಿಸುತ್ತಾರೆ. ಆಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತಾರೆ. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದರೂ ಅದಕ್ಕೆ ಸಿಲುಕಿದ ತಾಯಂದಿರ ಮಕ್ಕಳಿಗೆ ತಂದೆಯ ಹೆಸರಿನ ಕಾಲಂ ಮುಂದೆ ಪೆನ್ನು ನಿಲ್ಲುತ್ತದೆ. ಬಲ್ಲ ಶಿಕ್ಷಕಿ ಅದನ್ನು ತರಗತಿಯಲ್ಲಿ ಕೂಗಿ ಕೇಳುವುದಿಲ್ಲ. ಆ ಮಗುವನ್ನು ಪಕ್ಕಕ್ಕೆ ಕರೆದು ಅರ್ಜಿ ಬರೆಸುತ್ತಾರೆ. ಫೇಲಾದವರ ಮನೆಗೆ ಫಲಿತಾಂಶದ ದಿನವೇ ಹೋಗಿ, ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ ಎಂದು ಧೈರ್ಯ ಹೇಳುತ್ತಾರೆ.

ಇದಾವುದೂ ಸೇವಾ ಪುಸ್ತಕದಲ್ಲಿ ದಾಖಲಾಗುವುದಿಲ್ಲ. ಹೀಗೆ ಓದಿ ಇಂದು ನರ್ಸ್, ಪೊಲೀಸ್, ಶಿಕ್ಷಕರಾಗಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ವರ್ಷಕ್ಕೊಮ್ಮೆ ಸನ್ಮಾನದ ಶಾಲು ಹೊದಿಸಿದರೆ ಸಾಲದು. ನಿಮ್ಮ ಹಳೆಯ ಶಾಲೆಗೆ ಹೋಗಿ, ಈ ತಿಂಗಳು ಯಾರು ಗೈರಾಗಿದ್ದಾರೆಂದು ಕೇಳಿ, ಮೇಷ್ಟ್ರ ಜೊತೆ ಆ ಮನೆಗೆ ನೀವೂ ಹೋಗಿ. ಗುರುಋಣ ತೀರಿಸಲು ಇದಕ್ಕಿಂತ ನೇರ ದಾರಿ ನನಗೆ ತಿಳಿದಿಲ್ಲ.